ಇಫ್-ಎಲ್ಸ್ ಸಾಲು ತೆಗೆದು ಟೇಬಲ್ ಹಾಕು

ಪ್ರೀತಿಯ ಪುಟ್ಟನಿಗೆ,

ಚಿಕ್ಕಮ್ಮನ ಆಶೀರ್ವಾದಗಳು. ನೀನು ಕಳಿಸಿದ ಸಿ ಭಾಷೆಯ ಕಾನ್ಫಿಗ್ ಪಾರ್ಸರನ್ನು, ಅಂದರೆ ಸೆಟ್ಟಿಂಗ್ ಫೈಲ್ ಓದುವ ಕೋಡನ್ನು, ಭಾನುವಾರ ತಿಂಡಿ ಆದಮೇಲೆ ತೆರೆದು ಕೂತೆ. ಮುಗಿಸುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. 1,100 ಸಾಲು. ಅದು ಓದುವ ಫೈಲಿನಲ್ಲಿ ಇರುವುದು 23 ಸೆಟ್ಟಿಂಗ್. "ಕೆಲಸ ಮಾಡುತ್ತೆ ಚಿಕ್ಕಮ್ಮ, ಆದರೆ ಮುಟ್ಟೋಕೆ ಭಯ" ಅಂತ ಬರೆದಿದ್ದೀಯ. ಭಯ ಆಗುವುದು ಸಹಜ ಕಣೋ. ನಿನಗಿಂತ ಮುಂಚೆ ನಾಲ್ಕು ಜನ ಅದರಲ್ಲಿ ಕೈಯಾಡಿಸಿದ್ದಾರೆ. ಈಗ ಅದು ನಿನ್ನ ಪಾಲಿಗೆ ಬಂದಿದೆ.

ಇವತ್ತೇ ಹೊಸದಾಗಿ ಬರೆಯೋಕೆ ಕೂರಬೇಡ. ಗಿರಾಕಿಗಳ ಹತ್ತಿರ ಓಡುತ್ತಿರುವ ನಿಜವಾದ ಕಾನ್ಫಿಗ್ ಫೈಲ್‌ಗಳನ್ನು ಮೊದಲು ಕೂಡಿಸು. ಹಳೇ ಪಾರ್ಸರ್ ಒಂದೊಂದನ್ನೂ ಓದಿದ ಮೇಲೆ ಯಾವ ಸೆಟ್ಟಿಂಗಿಗೆ ಏನು ಬಂತು ಅಂತ ಬರೆಸಿಟ್ಟುಕೊ. ಹೊಸದನ್ನು ಬರೆಯುವಾಗ ದಿನಾ ಡಿಫ್ ಹಾಕಿ, ಎರಡರ ಫಲಿತಾಂಶದಲ್ಲಿ ಎಲ್ಲಿ ವ್ಯತ್ಯಾಸ ಇದೆ ಅಂತ ನೋಡು. ಆ ಫೈಲ್‌ಗಳಿಂದ ಇನ್ನೊಂದು ಉಪಯೋಗವೂ ಇದೆ. ನಿನ್ನ ಪಾರ್ಸರಿಗೆ ಇನ್‌ಕ್ಲೂಡ್ (ಒಂದು ಫೈಲಿನೊಳಗೆ ಇನ್ನೊಂದನ್ನು ಸೇರಿಸುವುದು) ಗೊತ್ತು, ಸೆಕ್ಷನ್ ಒಳಗೆ ಸೆಕ್ಷನ್ ಗೊತ್ತು, ಎನ್ವಿರಾನ್‌ಮೆಂಟ್ ವೇರಿಯಬಲ್ ಬಿಡಿಸುವುದೂ (ಸಿಸ್ಟಮ್‌ನಲ್ಲಿ ಇಟ್ಟ ಹೆಸರಿನ ಜಾಗಕ್ಕೆ ಅದರ ವ್ಯಾಲ್ಯೂ ಹಾಕುವುದು) ಗೊತ್ತು. ಇವನ್ನು ಯಾರಾದರೂ ಬಳಸಿದ್ದಾರಾ? ಫೈಲ್‌ಗಳಲ್ಲಿ ಪದ ಹುಡುಕುವ ಗ್ರೆಪ್ ಹಾಕಿ ನೋಡು. ಯಾರೂ ಬಳಸಿಲ್ಲ ಅಂದರೆ ಧೈರ್ಯವಾಗಿ ತೆಗೆದುಬಿಡು. ಅರ್ಧ ಕೋಡ್ ಅಲ್ಲಿಗೇ ಹೋಗುತ್ತದೆ.

ಇನ್ನು ಆ 600 ಸಾಲಿನ ಫಂಕ್ಷನ್. ಅದು ಸಾಲು ಓದುತ್ತದೆ, ಹೆಸರು ಹೋಲಿಸುತ್ತದೆ, ಅಂಕಿ ಮಾಡುತ್ತದೆ, ಮಧ್ಯದಲ್ಲಿ ಲಾಗ್ ಫೈಲನ್ನೂ ತೆರೆಯುತ್ತದೆ. ಒಂದೇ ಪಾತ್ರೆಯಲ್ಲಿ ಅಕ್ಕಿ ತೊಳೆದು, ಸಾರು ಕುದಿಸಿ, ಅದರಲ್ಲೇ ಉಂಡ ಹಾಗೆ. ಇದನ್ನು ಬಿಡಿಸು. ಒಂದು ಫಂಕ್ಷನ್ ಸಾಲನ್ನು '=' ಹತ್ತಿರ ಹೆಸರು ಮತ್ತು ವ್ಯಾಲ್ಯೂ ಅಂತ ಎರಡು ತುಂಡು ಮಾಡಲಿ, ಅಷ್ಟೇ. ಗುರುತು ಕಂಡಲ್ಲೆಲ್ಲ ಕತ್ತರಿಸುವ ಸ್ಟ್ರ್‌ಟಾಕ್ ಬೇಡ. ಪಾಸ್‌ವರ್ಡಿನಲ್ಲಿ '=' ಇದ್ದರೆ ಅದು ಅಲ್ಲೂ ಕತ್ತರಿಸುತ್ತದೆ. ಸ್ಟ್ರ್‌ಚರ್‌ನಿಂದ ಮೊದಲ '=' ಹುಡುಕು, ಉಳಿದದ್ದೆಲ್ಲ ವ್ಯಾಲ್ಯೂ. '#' ಸಾಲಿನ ಶುರುವಿನಲ್ಲಿದ್ದರೆ ಮಾತ್ರ ಕಾಮೆಂಟ್ (ಪಾರ್ಸರ್ ಬಿಟ್ಟುಬಿಡಬೇಕಾದ ಟಿಪ್ಪಣಿ) ಅಂತ ತಿಳಿ.

ಆಮೇಲೆ ಆ 23 ಇಫ್-ಎಲ್ಸ್, ಒಂದೊಂದು ಸೆಟ್ಟಿಂಗ್ ಹೆಸರಿಗೂ ಒಂದೊಂದು ಹೋಲಿಕೆ. ಅವುಗಳ ಜಾಗಕ್ಕೆ ಒಂದು ಟೇಬಲ್ ಸಾಕು. ಒಂದೊಂದು ಸಾಲಿನಲ್ಲಿ ಸೆಟ್ಟಿಂಗ್ ಹೆಸರು, ಅದರ ಟೈಪ್, ಸ್ಟ್ರಕ್ಟ್‌ನಲ್ಲಿ (ಎಲ್ಲ ಸೆಟ್ಟಿಂಗ್ ಒಟ್ಟಿಗೆ ಇಡುವ ಡಬ್ಬಿ) ಅದು ಕೂರುವ ಜಾಗ, ಕನಿಷ್ಠ, ಗರಿಷ್ಠ. ಆ ಜಾಗ ಶುರುವಿನಿಂದ ಎಷ್ಟು ಬೈಟ್ ದೂರ ಅಂತ ಹೇಳೋಕೆ ಆಫ್‌ಸೆಟ್‌ಆಫ್ ಇದೆ. ಒಂದು ಲೂಪ್ ಟೇಬಲ್ ಹುಡುಕಿ ವ್ಯಾಲ್ಯೂವನ್ನು ಅಲ್ಲಿ ಬರೆಯುತ್ತದೆ. 24ನೇ ಸೆಟ್ಟಿಂಗ್ ಬೇಕಾದಾಗ ಟೇಬಲಿಗೆ ಒಂದು ಸಾಲು ಸೇರಿಸಿದರೆ ಆಯಿತು. ದೂರದ ಕಂಪ್ಯೂಟರಿಗೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ಸರ್ವರಿನ ಕೋಡಿನಲ್ಲೂ ಕೀವರ್ಡ್‌ಗಳು ಹೀಗೇ ಟೇಬಲಿನಲ್ಲಿವೆ, ಬಿಡುವಾದಾಗ ಓದು. ಒಂದೇ ಹೆಸರು ಎರಡು ಸಲ ಬಂದರೆ ಅಲ್ಲಿ ಸಾಮಾನ್ಯವಾಗಿ ಮೊದಲನೆಯದು ಗೆಲ್ಲುತ್ತದೆ. ಕೋಡಿನ ಆವೃತ್ತಿಗಳನ್ನು ಇಡುವ ಗಿಟ್‌ನಲ್ಲಿ ಕೊನೆಯದು. ನಿನ್ನದರಲ್ಲಿ ಯಾವುದು ಅಂತ ನೀನೇ ತೀರ್ಮಾನಿಸಿ ಬರೆದಿಡು.

ಓದಿದ ಅಕ್ಷರಗಳನ್ನು ಅಂಕಿ ಮಾಡೋಕೆ ಎಟೂಐ ಬಳಸಿದ್ದಾರೆ. ಯಾರಾದರೂ ಅಂಕಿಯ ಜಾಗದಲ್ಲಿ "ಹತ್ತು" ಅಂತ ಬರೆದರೆ ಅದು ಸುಮ್ನೆ ಸೊನ್ನೆ ಕೊಡುತ್ತದೆ. ನಿಜವಾದ ಸೊನ್ನೆಗೂ ಇದಕ್ಕೂ ವ್ಯತ್ಯಾಸವೇ ತಿಳಿಯುವುದಿಲ್ಲ. ಅದರ ಬದಲು ಸ್ಟ್ರ್‌ಟೋಲ್ ಹಾಕು. ಅಂಕಿ ಸಿಕ್ಕಿತಾ, ಓದಿದ್ದು ಎಲ್ಲಿಗೆ ನಿಂತಿತು ಅಂತ ಎರಡನ್ನೂ ನೋಡು. ಬೇಸ್ 10 ಅಂತಲೇ ಕೊಡು. ಬೇಸ್ ಸೊನ್ನೆ ಕೊಟ್ಟರೆ ಅದು 010 ಅನ್ನು ಎಂಟರ ಲೆಕ್ಕದಲ್ಲಿ ಓದುತ್ತದೆ, ಹಾಗೆ ಬರೆದವರಿಗೆ 8 ಸಿಗುತ್ತದೆ.

ನಿಮ್ಮ ಫೈಲಿನಲ್ಲಿ ಊರಿನ ಹೆಸರುಗಳು ಕನ್ನಡದಲ್ಲಿವೆ, ನೋಡಿ ತುಂಬಾ ಖುಷಿಯಾಯಿತು. ಆದರೆ ಟ್ರಿಮ್ ಮಾಡುವ, ಅಂದರೆ ಆಚೀಚೆಯ ಖಾಲಿ ಜಾಗ ತೆಗೆಯುವ ಕಡೆ, ಇದು ಖಾಲಿ ಜಾಗವಾ ಅಂತ ನೋಡುವ ಇಸ್‌ಸ್ಪೇಸ್‌ಗೆ ಚಾರನ್ನು (ಒಂದು ಬೈಟ್) ನೇರವಾಗಿ ಕೊಟ್ಟಿದ್ದಾರೆ. ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಯುಟಿಎಫ್-8ನಲ್ಲಿ 'ಮ' ಅಂದರೆ ಮೂರು ಬೈಟ್, ಮೊದಲನೆಯದು 224. ನಿನ್ನ ಲ್ಯಾಪ್‌ಟಾಪಿನಲ್ಲಿ ಚಾರ್ ಸೈನ್ಡ್ (ಮೈನಸ್ ಅಂಕಿಯೂ ಆಗಬಹುದು), ಅಲ್ವಾ? ಹಾಗಾಗಿ ಅದು -32 ಆಗಿ ಒಳಗೆ ಹೋಗುತ್ತದೆ. ಇಸ್‌ಸ್ಪೇಸ್ ಅಂಥದ್ದಕ್ಕೆ ಏನು ಮಾಡುತ್ತದೆ ಅಂತ ಸಿ ಭಾಷೆ ಯಾವ ಭರವಸೆಯನ್ನೂ ಕೊಡುವುದಿಲ್ಲ. ಆರ್ಮ್ ಬೋರ್ಡಿನ ಲಿನಕ್ಸ್‌ನಲ್ಲಿ ಚಾರ್ ಅನ್‌ಸೈನ್ಡ್, ಅದಕ್ಕೇ ಅಲ್ಲಿ ಈ ತಪ್ಪು ಕಾಣಿಸುವುದೇ ಇಲ್ಲ. ಅನ್‌ಸೈನ್ಡ್ ಚಾರ್ ಅಂತ ಕಾಸ್ಟ್ ಮಾಡಿ (ಟೈಪ್ ಬದಲಿಸಿ) ಕೊಡು.

ಎಲ್ಲಕ್ಕಿಂತ ಜಾಸ್ತಿ ನನ್ನ ಮನಸ್ಸಿಗೆ ತಾಗಿದ್ದು ಎರರ್ ಹೇಳುವ ರೀತಿ. ಗೊತ್ತಿಲ್ಲದ ಹೆಸರು ಬಂದರೆ ನಿನ್ನ ಪಾರ್ಸರ್ ಸುಮ್ಮನೆ ಮುಂದೆ ಹೋಗುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ನೀರಿನ ಪಂಪ್ ಕಂಟ್ರೋಲರ್ ಲಾಗ್ ಬರೆಯುವುದನ್ನೇ ನಿಲ್ಲಿಸಿತ್ತು. ಫೈಲ್ ತೆರೆದು ನೋಡಿದರೆ ದಾರಿ ಸರಿ ಇತ್ತು, ಫೋಲ್ಡರ್ ಇತ್ತು, ಪರ್ಮಿಷನ್ ಇತ್ತು. ಎರಡು ರಾತ್ರಿ ಹೋಯಿತು. ಕೊನೆಗೆ ಟರ್ಮಿನಲ್ಲಿನಲ್ಲಿ ನೋಡಿದರೆ ಎರರ್ ಮೆಸೇಜಿನ ಬಾಲ ಬಂದು ಅದರ ತಲೆಯ ಮೇಲೆ ಕೂತಿತ್ತು. ಹೆಕ್ಸ್‌ಡಂಪ್ ಹಾಕಿ ಫೈಲಿನ ಒಂದೊಂದು ಬೈಟನ್ನೂ ನೋಡಿದಾಗ ಸಿಕ್ಕಿತು: ಯಾರೋ ವಿಂಡೋಸ್‌ನಲ್ಲಿ ತಿದ್ದಿದ್ದರು, ಫೈಲ್ ಹೆಸರಿನ ಕೊನೆಗೆ ಕ್ಯಾರೇಜ್ ರಿಟರ್ನ್ (ಸಾಲಿನ ಶುರುವಿಗೆ ವಾಪಸ್ ಹೋಗು ಅನ್ನುವ ಕಾಣದ ಗುರುತು), ಅಂದರೆ 13, ಅಂಟಿಕೊಂಡಿತ್ತು. ಅಲ್ಲಿ ಪಂಪ್ ನೋಡಿಕೊಳ್ಳುವವರು ಎರಡು ದಿನ ಕೈಯಲ್ಲಿ ರೀಡಿಂಗ್ ಬರೆದುಕೊಂಡರು. ಅವರ ಮುಖ ಇನ್ನೂ ನೆನಪಿದೆ. ಸಾಲಿನ ಕೊನೆಯ 13ನ್ನು ಕತ್ತರಿಸು. ಏನೇ ತಪ್ಪಿದ್ದರೂ ಫೈಲ್ ಹೆಸರು, ಸಾಲಿನ ನಂಬರ್, ಆ ಪದ, ಮೂರನ್ನೂ ಹೇಳಿ ನಿಲ್ಲಿಸು. ಎನ್‌ಜಿನ್‌ಎಕ್ಸ್‌ ಅನ್ನುವ ವೆಬ್ ಸರ್ವರಿನಲ್ಲಿ ಇರುವ ಹಾಗೆ, ಸೇವೆ ಶುರು ಮಾಡದೆ ಫೈಲನ್ನಷ್ಟೇ ಪರೀಕ್ಷಿಸುವ ಒಂದು ಆಯ್ಕೆಯನ್ನೂ ಕೊಡು.

ಎಲ್ಲ ಒಟ್ಟಿಗೆ ಮಾಡಬೇಡ. ಈ ವಾರ ಟೇಬಲ್ ಮಾತ್ರ ಬರೆದು ಕಳಿಸು, ಕೂತು ನೋಡೋಣ. ಮ್ಯಾನೇಜರ್ ಅವಸರ ಮಾಡಿದರೆ ಹಳೇ ಪಾರ್ಸರಿನ ಔಟ್‌ಪುಟ್ ಮತ್ತು ಡಿಫ್ ತೋರಿಸು, ಅರ್ಥ ಆಗುತ್ತದೆ. ಅಕ್ಕನಿಗೆ ನಾನು ಕೇಳಿದೆ ಅಂತ ಹೇಳು. ರಾತ್ರಿ ಜಾಸ್ತಿ ಹೊತ್ತು ಕೂರಬೇಡ.

ನಿನ್ನ ಪ್ರೀತಿಯ,
ಚಿಕ್ಕಮ್ಮ