ಉತ್ತುಂಗಕ್ಕೇರಿಸಿದ್ದು ಕತ್ತರಿ

ಮಾನ್ಯ ಸಂಪಾದಕರೇ,

ಮೈಕಲ್ ಜಾಕ್ಸನ್ ಉತ್ತುಂಗದಲ್ಲಿದ್ದ ಕಾಲದ ಬಗ್ಗೆ ಬರುವ ಲೇಖನಗಳೆಲ್ಲ ಹೆಚ್ಚುಕಡಿಮೆ ಒಂದೇ ಜಾಡಿನಲ್ಲಿರುತ್ತವೆ: ‘ಥ್ರಿಲ್ಲರ್’ ಆಲ್ಬಂ 37 ವಾರ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ತುದಿಯಲ್ಲಿತ್ತು, 1984ರಲ್ಲಿ ಒಂದೇ ರಾತ್ರಿ ಎಂಟು ಗ್ರ್ಯಾಮಿ ಬಂದವು, ಮುಂದೆ ನಡೆದಂತೆ ಕಾಣುತ್ತ ಹಿಂದಕ್ಕೆ ಜಾರುವ ಕುಣಿತ ಮೂನ್‌ವಾಕ್‌ಗೆ ಜಗತ್ತೇ ಮರುಳಾಯಿತು. ಅಂಕಿಅಂಶ ಸರಿಯೇ, ಮೂನ್‌ವಾಕ್‌ನ ಪಾಲು ಮಾತ್ರ ಉಬ್ಬಿದ್ದು. ಅದು ಟಿವಿಯಲ್ಲಿ ಪ್ರಸಾರವಾದದ್ದು 1983ರ ಮೇ 16ರಂದು. ಅಷ್ಟರಲ್ಲಿ ಆ ಆಲ್ಬಂನ ಹಾಡುಗಳಾದ ‘ಬಿಲ್ಲಿ ಜೀನ್’, ‘ಬೀಟ್ ಇಟ್’ ಎರಡೂ ಮೊದಲ ಸ್ಥಾನ ಕಂಡಾಗಿತ್ತು.

ನಿಜವಾದ ತಿರುವು 1982ರ ಕೊನೆಯಲ್ಲಿ ಲಾಸ್ ಏಂಜಲೀಸ್‌ನ ವೆಸ್ಟ್‌ಲೇಕ್ ಸ್ಟುಡಿಯೊದಲ್ಲಿ ಸಿಕ್ಕಿತು. ಮುಗಿಯಿತು ಅಂದುಕೊಂಡಿದ್ದ ಆಲ್ಬಂ ಕೇಳಿದಾಗ ಜಾಕ್ಸನ್, ನಿರ್ಮಾಪಕ ಕ್ವಿನ್ಸಿ ಜೋನ್ಸ್, ಎಂಜಿನಿಯರ್ ಬ್ರೂಸ್ ಸ್ವೀಡಿಯನ್ ಯಾರಿಗೂ ಸಮಾಧಾನವಾಗಲಿಲ್ಲ. ಹಾಡುಗಳಲ್ಲಿ ದೋಷವಿರಲಿಲ್ಲ, ಎಲ್‌ಪಿ ತಟ್ಟೆಯ ಒಂದೊಂದು ಬದಿಗೆ ತುಂಬಿದ್ದ ನಿಮಿಷಗಳು ಜಾಸ್ತಿಯಾಗಿದ್ದವು. ಎಲ್‌ಪಿಯಲ್ಲಿ ಬೇಸ್, ಅಂದರೆ ತಗ್ಗಿನ ಸ್ವರ, ದಪ್ಪಗೆ, ಜೋರಾಗಿ ಬರಬೇಕಾದರೆ ಸೂಜಿ ಓಡುವ ಗೀರು ಅಗಲವಾಗಿ ಓಲಾಡಬೇಕು, ಪಕ್ಕದ ಗೀರಿನಿಂದ ದೂರವಿರಬೇಕು. ಬದಿಗೆ ಹದಿನೆಂಟು-ಇಪ್ಪತ್ತು ನಿಮಿಷದವರೆಗೆ ಅದಕ್ಕೆ ಜಾಗವಿರುತ್ತದೆ. ಅದಕ್ಕಿಂತ ಹೆಚ್ಚು ತುರುಕಿದರೆ ಗೀರುಗಳನ್ನು ಒತ್ತೊತ್ತಾಗಿ ಕೊರೆಯಬೇಕು. ಹಾಗೆ ಕೊರೆಯಬೇಕಾದರೆ ಒಟ್ಟು ಸದ್ದಿನ ಮಟ್ಟವನ್ನೂ ಬೇಸನ್ನೂ ಇಳಿಸದೆ ದಾರಿಯಿಲ್ಲ. ಇಳಿಸದಿದ್ದರೆ ಸೂಜಿ ಹಾರುತ್ತದೆ. ಕುಣಿಸಬೇಕಾದ ಹಾಡು ಹೀಗೆ ಸಪ್ಪೆಯಾಗುತ್ತದೆ.

ಆಗ ಕತ್ತರಿ ಹೊರಬಂತು. ಕೊನೆಯ ಹಾಡು ‘ದ ಲೇಡಿ ಇನ್ ಮೈ ಲೈಫ್’ನಿಂದ ಒಂದು ಚರಣವನ್ನೇ ತೆಗೆದರು. ಹಾಡುಗಳನ್ನೆಲ್ಲ ಹೊಸದಾಗಿ ಮಿಕ್ಸ್ ಮಾಡಿದರು, ಅಂದರೆ ವಾದ್ಯ, ದನಿಗಳನ್ನು ಮತ್ತೆ ಹದವಾಗಿ ಬೆರೆಸಿದರು. ಕೊನೆಗೆ ಉಳಿದದ್ದು ಒಂಬತ್ತು ಹಾಡು, ಸುಮಾರು 42 ನಿಮಿಷ.

‘ಬಿಲ್ಲಿ ಜೀನ್’ ಆರಂಭದ ಅರ್ಧ ನಿಮಿಷವನ್ನೂ ಚುಟುಕು ಮಾಡಬೇಕೆಂದು ಜೋನ್ಸ್ ಹಟ ಹಿಡಿದರು. ತನಗೆ ಕುಣಿಯಬೇಕೆನಿಸುವುದೇ ಆ ಭಾಗ ಕೇಳಿದಾಗ ಎಂದು ಜಾಕ್ಸನ್ ಬಿಟ್ಟುಕೊಡಲಿಲ್ಲ. ಇಲ್ಲಿ ಗಾಯಕನ ಕಿವಿಯೇ ಸರಿ ಎಂಬುದು ನಮ್ಮ ತೀರ್ಮಾನ. ಆ ಹೊತ್ತಿನಲ್ಲಿ ಏನಾಗುತ್ತದೆ ನೋಡಿ: ಮೊದಲು ಬರೀ ಡ್ರಮ್, ಆಮೇಲೆ ಬೇಸ್, ಅದರ ಮೇಲೆ ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್), ಎಲ್ಲ ಕೂತ ಮೇಲೆ ದನಿ. ಡ್ರಮ್ಮಿಗೆ ಆಸರೆಯೇ ಇಲ್ಲದ್ದರಿಂದ ಅದರ ಏಟು ತಾನಾಗಿಯೇ ನಿಲ್ಲಬೇಕಿತ್ತು. ಸ್ವೀಡಿಯನ್ ಅದಕ್ಕಾಗಿ ಪ್ಲೈವುಡ್ ವೇದಿಕೆ ಮಾಡಿಸಿದರು, ಕಾಲಿನಿಂದ ಬಾರಿಸುವ ಕಿಕ್ ಡ್ರಮ್ಮಿಗೆ ಹೊದಿಕೆ ಹಾಕಿದರು, ಜೋಡಿ ತಾಳದಂಥ ಹೈಹ್ಯಾಟ್ ಸದ್ದು ಸ್ನೇರ್ ಡ್ರಮ್ಮಿನ ಮೈಕಿಗೆ ನುಗ್ಗದಂತೆ ನಡುವೆ ಮರದ ಹಲಗೆ ಇಟ್ಟರು. ಮಿಕ್ಸ್‌ಗಳ ಸಂಖ್ಯೆ 91ಕ್ಕೆ ಹೋಯಿತು. ಕೊನೆಗೆ ಆರಿಸಿಕೊಂಡದ್ದು ಎರಡನೆಯದನ್ನು!

ಇನ್ನು ವ್ಯಾಪಾರದ ಕಡೆ. ಒಂಬತ್ತರಲ್ಲಿ ಏಳು ಹಾಡು ಸಿಂಗಲ್ ಆಗಿ, ಅಂದರೆ ಬಿಡಿಬಿಡಿಯಾಗಿ, ಬಂದವು, ಏಳೂ ಅಮೆರಿಕದ ಮೊದಲ ಹತ್ತರೊಳಗೆ ಸೇರಿದವು. ಮೊದಲನೆಯದು 1982ರ ಅಕ್ಟೋಬರಿನಲ್ಲಿ, ಕೊನೆಯದು 1984ರ ಆರಂಭದಲ್ಲಿ. ಒಂದರ ಬಿಸಿ ಆರುವ ಹೊತ್ತಿಗೆ ಇನ್ನೊಂದು. ‘ಥ್ರಿಲ್ಲರ್’ ಹಾಡಿನ ಸುಮಾರು ಹದಿನಾಲ್ಕು ನಿಮಿಷದ ವಿಡಿಯೊಗೆ ಹಣ ಹಾಕಲು ಕಂಪನಿ ಹಿಂಜರಿದಾಗ, ಅದರ ಚಿತ್ರೀಕರಣದ ಸಾಕ್ಷ್ಯಚಿತ್ರವನ್ನು ಟಿವಿ ವಾಹಿನಿಗಳಿಗೆ ಮಾರಿ ದುಡ್ಡು ಹೊಂದಿಸಿದರು.

ನಂಬರ್ ಒನ್ ಹಾಡುಗಳನ್ನೇ ಎಣಿಸುವುದಾದರೆ ಉತ್ತುಂಗ 1987ರ ‘ಬ್ಯಾಡ್’ ಆಗಬೇಕು: ಅದರಲ್ಲಿ ಐದು, ‘ಥ್ರಿಲ್ಲರ್’ನಲ್ಲಿ ಎರಡೇ. ಆದರೂ ‘ಬ್ಯಾಡ್’ ಬಿಲ್‌ಬೋರ್ಡ್ ತುದಿಯಲ್ಲಿ ನಿಂತದ್ದು ಆರೇ ವಾರ. ಆಲ್ಬಂನ ಉದ್ದವೂ ಬೆಳೆಯುತ್ತ ಹೋಯಿತು. ‘ಬ್ಯಾಡ್’ನ ಸಿಡಿಯಲ್ಲಿ ಎಲ್‌ಪಿಯಲ್ಲಿಲ್ಲದ ಒಂದು ಹಾಡು ಸೇರಿತು. 1991ರ ‘ಡೇಂಜರಸ್’ ಹದಿನಾಲ್ಕು ಹಾಡು, ಸುಮಾರು 77 ನಿಮಿಷ. ಸಿಡಿಯಲ್ಲಿ ಗೀರಿನ ಚಿಂತೆಯಿಲ್ಲ, ಹಾಗಾಗಿ ಸಾಕು ಅನ್ನುವವರೂ ಇರಲಿಲ್ಲ.

‘ಥ್ರಿಲ್ಲರ್’ನ ಎಲ್‌ಪಿ ಇದ್ದವರು ಹಾಡುಗಳ ಜಾಗವನ್ನೊಮ್ಮೆ ಗಮನಿಸಲಿ. ತಟ್ಟೆಯ ಒಳಅಂಚಿಗೆ ಬಂದಂತೆ ಸೂಜಿಯಡಿ ಸರಿಯುವ ಗೀರಿನ ವೇಗ ಕಡಿಮೆಯಾಗುತ್ತದೆ, ತೀಕ್ಷ್ಣ ಸ್ವರಗಳು ಅಲ್ಲೇ ಒಡೆಯುವುದು. ಎರಡನೇ ಬದಿಯ ಹೊರಅಂಚಿನಲ್ಲಿ ಗಿಟಾರ್ ಅಬ್ಬರದ ‘ಬೀಟ್ ಇಟ್’ ಇದೆ, ಒಳತುದಿಯಲ್ಲಿ ನಿಧಾನದ ಪ್ರೇಮಗೀತೆ. ಮೊದಲ ಬದಿಯ ಕೊನೆಯ ಗೀರುಗಳಲ್ಲಿರುವುದು ‘ಥ್ರಿಲ್ಲರ್’ ಹಾಡಿನ ತುದಿಯ, ಭಯಾನಕ ಚಿತ್ರಗಳ ನಟ ವಿನ್ಸೆಂಟ್ ಪ್ರೈಸ್ ಅವರ ನಗು.

ಇಂತಿ,
ಓದುಗರು