ಭಾನುವಾರದೊಳಗೆ ಒಂದು ಅಧ್ಯಾಯ

ಗೆಳೆಯರೆ, ನನ್ನ ಪ್ರೇಮ ಕಾದಂಬರಿ ಅಚ್ಚಾಗಿ ಬಂದಿದೆ. ಹಾರೈಸಿದ ಎಲ್ಲರಿಗೂ ವಂದನೆ; ಹೂಗುಚ್ಛದ ಚಿತ್ರಗಳು ಇನ್ನು ಸಾಕು, ಈಗ ನಿಮ್ಮ ಬರಹ ಬರಲಿ.

‘ಈ ವಯಸ್ಸಿನಲ್ಲಿ ನಮಗೇಕೆ ಪ್ರೇಮಕಥೆ’ ಎಂದು ಹಿಂಜರಿಯುವವರು ಎಂ.ಕೆ. ಇಂದಿರಾ ಅವರನ್ನು ನೆನೆಯಿರಿ. 1917ರಲ್ಲಿ ಹುಟ್ಟಿದ ಅವರ ಮೊದಲ ಕಾದಂಬರಿ ‘ತುಂಗಭದ್ರ’ ಹೊರಬಂದದ್ದು 1963ರಲ್ಲಿ. ಹೆಚ್ಚು ಓದಿದವರೂ ಅಲ್ಲ.

ಭಾನುವಾರ ಸಂಜೆಯೊಳಗೆ ಪ್ರತಿಯೊಬ್ಬರೂ ಒಂದು ಅಧ್ಯಾಯ ಕಳುಹಿಸಿ. ಪ್ರೇಮಿಗಳ ಮೊದಲ ಜಗಳವೇ ಇರಲಿ. ಮಳೆ, ಒಂದೇ ಕೊಡೆ, ಕಣ್ಣು ಕಣ್ಣು ಕಲೆತದ್ದು ದಯವಿಟ್ಟು ಬೇಡ. ಓದಿ ಓದಿ ನೆಗಡಿಯಾಗಿದೆ. ‘ಅವಳಿಗೆ ಸಿಟ್ಟು ಬಂತು’ ಎಂದು ಬರೆಯಬೇಡಿ. ಅವನ ಮುಂದೆ ತಟ್ಟೆಯಿಟ್ಟ ಸದ್ದಿನಲ್ಲೇ ಅದು ಗೊತ್ತಾಗಬೇಕು. ಯೂನಿಕೋಡ್‌ನಲ್ಲಿ ಬೆರಳಚ್ಚಿಸಿ, ಕೈಬರಹದ ಫೋಟೊ ಬೇಡ.

ಪ್ರಕಾಶಕರು ಒಪ್ಪಿದರೆಂದು ಹಿಗ್ಗಿ, ಕಣ್ಣುಮುಚ್ಚಿ ಸಹಿ ಹಾಕಬೇಡಿ. ಹಕ್ಕನ್ನು ಎಷ್ಟು ವರ್ಷಕ್ಕೆ ಬರೆದುಕೊಡುತ್ತಿದ್ದೀರಿ ಎಂದು ನೋಡಿ. ಅವಧಿ ನಮೂದಿಸದಿದ್ದರೆ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅದು 5 ವರ್ಷವೆಂದೇ ಲೆಕ್ಕ. ಸಿನಿಮಾ, ಧಾರಾವಾಹಿ ಹಕ್ಕುಗಳ ಮಾತು ಪ್ರತ್ಯೇಕವಾಗಿ ಬರೆಸಿಕೊಳ್ಳಿ. ಕರಾರುಪತ್ರದ ಬಗ್ಗೆ ಅನುಮಾನವಿದ್ದರೆ ನನಗೆ ನೇರವಾಗಿ ಬರೆಯಿರಿ, ಗುಂಪಿನಲ್ಲಿ ಹಾಕಬೇಡಿ.