ಸೀಸನ್ ಮುಗೀತು, ನಮ್ಮ ಅಂಗಡಿಯವರಿಗೆಲ್ಲ ಥ್ಯಾಂಕ್ಸ್

ದಾವಣಗೆರೆಯ ಒಂದು ಜವಳಿ ಅಂಗಡಿಯಲ್ಲಿ ನಾನು ಫ್ಲೋರ್ ಸೂಪರ್‌ವೈಸರ್. ದಸರಾದಿಂದ ದೀಪಾವಳಿವರೆಗಿನ ಸೀಸನ್ ಮುಗಿದಿದೆ. ವ್ಯಾಪಾರ ಚೆನ್ನಾಗಾಯ್ತು ಅಂತ ಮಾಲೀಕರು ನನ್ನ ಬೆನ್ನು ತಟ್ಟಿದರು. ಆ ಶಹಬ್ಬಾಸ್‌ಗಿರಿ ನಿಜವಾಗಿ ಸೇರಬೇಕಾದವರು ಬೇರೆ ಇದ್ದಾರೆ.

ಈ ಸಲ ಶುರುವಾದದ್ದೇ ಗಡಿಬಿಡಿಯಲ್ಲಿ. ಜಿಎಸ್‌ಟಿ ಬದಲಾದದ್ದು 2025ರ ಸೆಪ್ಟೆಂಬರ್ 22ಕ್ಕೆ, ನವರಾತ್ರಿಯ ಮೊದಲ ದಿನವೇ! ₹2,500ರವರೆಗಿನ ರೆಡಿಮೇಡ್‌ಗೆ ಶೇ. 5, ಅದು ದಾಟಿದರೆ ಶೇ. 18. ಮೊದಲು ಸಾವಿರ ದಾಟಿದ್ದಕ್ಕೆಲ್ಲ ಶೇ. 12 ಇತ್ತು. ಹಿಂದಿನ ರಾತ್ರಿ ಒಂದೊಂದು ರ್‍ಯಾಕ್ ಹುಡುಕಿ ಹೊಸ ಸ್ಟಿಕ್ಕರ್ ಅಂಟಿಸಿದವರು ಗೋಡೌನ್ ಹುಡುಗರು. ಮನೆಗೆ ಹೋಗ್ರಪ್ಪ ಅಂದರೂ ಹೋಗಲಿಲ್ಲ.

ಬಿಲ್ಲಿಂಗ್ ಕೌಂಟರಿನ ಹೆಣ್ಣುಮಕ್ಕಳಿಗಂತೂ ಕೈ ಮುಗಿಯಬೇಕು. "ಬಟ್ಟೆ ಅಗ್ಗ ಆಗೇತಂತೆ, ಶೇರ್ವಾನಿಗೆ ಯಾಕೆ ಜಾಸ್ತಿ ಹಾಕೀರಿ?" ಅಂತ ಗಿರಾಕಿಗಳು ಜೋರು ಮಾಡಿದಾಗಲೂ ಒಬ್ಬರೂ ದನಿ ಏರಿಸಲಿಲ್ಲ. ಮದುವೆ ಗಂಡಿನ ಅಪ್ಪನ ಮುಂದೆ ಕ್ಯಾಲ್ಕುಲೇಟರ್ ಇಟ್ಟು ಲೆಕ್ಕ ಬಿಡಿಸಿ ಹೇಳಿದಳಲ್ಲ ಒಬ್ಬಳು, ಅವಳು ನನಗಿಂತ ಒಳ್ಳೆ ಸೂಪರ್‌ವೈಸರ್ ಆಗ್ತಾಳೆ, ಬರೆದಿಟ್ಟುಕೊಳ್ಳಿ. ಸೀರೆ ಸೆಕ್ಷನ್ನಿನವರು ಮಾತ್ರ ಆರಾಮ. ಹೊಲಿಯದ ಬಟ್ಟೆ ನೋಡಿ, ಸೀರೆಗೆ ಮೊದಲೂ ಐದೇ, ಈಗಲೂ ಐದೇ.

ಆರಾಮ ಅಂದದ್ದು ತೆರಿಗೆ ವಿಷಯಕ್ಕಷ್ಟೇ ಮತ್ತೆ. ರಾಶಿ ಸೀರೆ ಬಿಡಿಸಿ, ಸೆರಗು ಹೆಗಲಿಗೆ ಹಾಕಿ ತೋರಿಸಿ, ಕೊನೆಗೆ "ನಾಳೆ ಅತ್ತೇನ ಕರ್ಕೊಂಡು ಬರ್ತೀವಿ" ಅನ್ನೋದನ್ನ ಕೇಳಿಸಿಕೊಂಡು, ನಗ್ತಾನೇ ಅಷ್ಟನ್ನೂ ಮಡಿಕೆ ಕೆಡದಂತೆ ಮಡಚಿಡೋ ಅಕ್ಕಂದಿರ ಕೆಲಸ ಯಾವ ಸೇಲ್ಸ್ ಶೀಟಿನಲ್ಲೂ ಕಾಣಲ್ಲ. ಮರುದಿನ ಆ ಅತ್ತೆ ಬಂದು ಇನ್ನೊಬ್ಬರ ಹತ್ತಿರ ಅದೇ ಸೀರೆ ತಗೊಂಡರೆ ಇನ್ಸೆಂಟಿವ್ ಅವರಿಗೆ. ಇದು ನ್ಯಾಯ ಅಲ್ಲ. ಮುಂದಿನ ತಿಂಗಳಿಂದ ತೋರಿಸಿದವರಿಗೂ ಪಾಲು ಕೊಡೋಕೆ ಮಾಲೀಕರು ಒಪ್ಪಿದ್ದಾರೆ.

ಹಬ್ಬದ ಹಿಂದಿನ ರಾತ್ರಿವರೆಗೂ ಪ್ಯಾಂಟಿನ ಉದ್ದ ಕಡಿಮೆ ಮಾಡಿಕೊಟ್ಟ ಟೈಲರ್ ಚಾಚಾ, ನಿಮಗೂ ಶರಣು.

ನಿಂತೂ ನಿಂತೂ ಎಲ್ಲರ ಕಾಲೂ ಊದಿದ್ದು ನೋಡಿದ್ದೇನೆ. ಅಂಗಡಿ ಕೆಲಸದವರಿಗೆ ಕೂರಲು ಜಾಗ ಕೊಡಲೇಬೇಕು ಅಂತ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಿವೆ. ನಾವು ಸರ್ಕಾರ ಹೇಳಲಿ ಅಂತ ಕಾಯೋದು ಬೇಡ ಅಲ್ವಾ? ಪ್ರತಿ ಕೌಂಟರಿಗೂ ಸ್ಟೂಲ್ ಹೇಳಿದ್ದೇನೆ, ಸೋಮವಾರ ಬರುತ್ತವೆ. ಗಿರಾಕಿ ಇಲ್ಲದಾಗ ಸಂಕೋಚ ಪಡದೆ ಕೂತ್ಕೊಳ್ಳಿ. ನಾನು ಬಂದೆ ಅಂತ ಎದ್ದು ನಿಂತರೆ ಮಾತ್ರ ಬೈತೀನಿ.